‘ಪ್ರಬಲ’ ಗುಣ ಊರಿಗೆಲ್ಲ ಹರಡುತ್ತದೆಯೇ?

ಪ್ರಶ್ನೆ: ನನ್ನ ಯಜಮಾನರ ಎರಡೂ ಕೈಗಳ ಬೆರಳುಗಳು ತುಂಬಾ ಗಿಡ್ಡ. ನಡುವಿನ ಗೆಣ್ಣೇ ಇಲ್ಲವೇನೋ ಎಂಬಂತೆ ಕಾಣುತ್ತವೆ. ಅತ್ತೆಯವರಿಗೂ ಹಾಗೆಯೇ ಇತ್ತು. ಅದರಿಂದ ಅವರ ಯಾವ ಕೆಲಸವೂ ನಿಂತಿಲ್ಲ. ನಮ್ಮ ಮಗನಿಗೆ ಅದು ಬಂದಿದೆ, ಮಗಳಿಗೆ ಬಂದಿಲ್ಲ. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಮೆಂಡಲ್ ಪಾಠ ಕೇಳಿ ಬಂದ ದಿನ, ‘ಅಮ್ಮ, ನಮ್ಮ ಮನೆಯದು ಪ್ರಬಲ ಗುಣ. ಪ್ರಬಲ ಗುಣ ಮೂರಕ್ಕೆ ಒಂದರಂತೆ ಬರುತ್ತದೆ. ಹಾಗಾದರೆ ತಲೆಮಾರು ಕಳೆದಂತೆ ಎಲ್ಲರ ಬೆರಳೂ ಗಿಡ್ಡವಾಗಬೇಕಲ್ಲವೇ?’ ಎಂದು ಕೇಳಿದಳು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಅವಳಲ್ಲಿ ಇದು ಅಡಗಿ ಕುಳಿತು ಮೊಮ್ಮಕ್ಕಳಲ್ಲಿ ಕಾಣಿಸಿಕೊಳ್ಳಬಹುದೇ? ‘ಆ ಮನೆಯ ಹೆಣ್ಣು ತಂದರೆ ವಂಶಕ್ಕೇ ಅಂಟಿಕೊಳ್ಳುತ್ತದೆ’ ಎಂದು ಸಂಬಂಧಿಕರೊಬ್ಬರು ಆಡಿದ ಮಾತು ಕಿವಿಗೆ ಬಿದ್ದಿದೆ. ನನ್ನ ತಾಯಿ, ‘ಹೊರಗೆ ಕೊಡುವುದೇ ಬೇಡ, ನಿನ್ನ ತಮ್ಮನಿಗೇ ಮಾಡಿಕೊಳ್ಳೋಣ’ ಎನ್ನುತ್ತಿದ್ದಾರೆ. ಮಗಳ ಪುಸ್ತಕದಲ್ಲಿ ಹಾರ್ಡಿ–ವೈನ್‌ಬರ್ಗ್ ನಿಯಮ ಎಂದೊಂದಿದೆ, ಉತ್ತರ ಅದರಲ್ಲೇ ಇದೆ ಎನ್ನುತ್ತಾಳೆ. ಆದರೆ ಬಿಡಿಸಿ ಹೇಳಲು ಅವಳಿಗೂ ಬರುತ್ತಿಲ್ಲ.
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಸಂಗತಿಗೆ ಮೊದಲು ಉತ್ತರ ಹೇಳುತ್ತೇನೆ. ನೀವು ವರ್ಣಿಸಿರುವ ಬಗೆಯ ಗಿಡ್ಡ ಬೆರಳು ಸಾಮಾನ್ಯವಾಗಿ ಅಡಗಿ ಕೂರುವ ಗುಣವಲ್ಲ. ಪ್ರತಿಯೊಂದು ವಂಶವಾಹಿಯೂ (ಜೀನ್) ನಮಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪ್ರತಿಗಳಲ್ಲಿ ಬರುತ್ತದೆ. ಗಿಡ್ಡ ಬೆರಳಿನ ಒಂದೇ ಪ್ರತಿ ಇದ್ದರೂ ಅದು ಬೆರಳಿನಲ್ಲಿ ಕಾಣಿಸಿಕೊಳ್ಳುತ್ತದೆ, ಪ್ರಬಲ ಗುಣ ಎಂದರೆ ಇದೇ. ಮಗಳ ಬೆರಳುಗಳು ನಿಜಕ್ಕೂ ಸಾಮಾನ್ಯವಾಗಿದ್ದರೆ ಅವಳಲ್ಲಿ ಆ ಪ್ರತಿ ಇಲ್ಲ, ಅವಳಿಂದ ಮುಂದಕ್ಕೆ ಹೋಗುವುದೂ ಇಲ್ಲ. ಇದನ್ನು ಖಚಿತಪಡಿಸಿಕೊಳ್ಳುವ ಬಗೆಯನ್ನು ಕೊನೆಯಲ್ಲಿ ತಿಳಿಸುತ್ತೇನೆ. ತಮ್ಮನಿಗೆ ಕೊಡುವ ವಿಚಾರ ಬೇರೆಯದು, ಅದರ ಅಪಾಯವೂ ಬೇರೆ. ಅದಕ್ಕೂ ಬರುತ್ತೇನೆ.

ನಡುವೆ ನಿಮ್ಮ ಮಗಳ ಪ್ರಶ್ನೆ ಇದೆ. ಅವಳು ದಡ್ಡ ಪ್ರಶ್ನೆ ಕೇಳಿಲ್ಲ ಎಂದು ಅವಳಿಗೆ ದಯವಿಟ್ಟು ಹೇಳಿ. 1908ರ ಫೆಬ್ರವರಿ 28ರಂದು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಸಭೆಯಲ್ಲಿ, ಇದೇ ಗಿಡ್ಡ ಬೆರಳಿನ ಬಗ್ಗೆಯೇ, ಹೆಚ್ಚುಕಡಿಮೆ ಇದೇ ಪ್ರಶ್ನೆ ಎದ್ದಿತ್ತು. ಎತ್ತಿದವರು ಆ ಕಾಲದ ಗಣ್ಯ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್.

ಮೆಂಡಲ್ 1866ರಲ್ಲಿ ಪ್ರಕಟಿಸಿದ್ದ ಬಟಾಣಿ ಪ್ರಯೋಗಗಳನ್ನು ಜಗತ್ತು ಮರೆತಿತ್ತು. 1900ರಲ್ಲಿ ಅವು ಮತ್ತೆ ಬೆಳಕಿಗೆ ಬಂದವು. ಬಟಾಣಿಯ ನಿಯಮ ಮನುಷ್ಯರಿಗೂ ಒಪ್ಪುತ್ತದೆಯೇ ಎಂದು ಎಲ್ಲರೂ ಹುಡುಕುತ್ತಿದ್ದ ಆ ದಿನಗಳಲ್ಲಿ, ಹಾರ್ವರ್ಡ್‌ನಲ್ಲಿ ಓದುತ್ತಿದ್ದ ವಿಲಿಯಂ ಫ್ಯಾರಬಿ ಪೆನ್ಸಿಲ್ವೇನಿಯಾದ ಒಂದು ಕುಟುಂಬದ ಹಲವು ತಲೆಮಾರುಗಳ ಬೆರಳುಗಳನ್ನು ಅಧ್ಯಯನ ಮಾಡಿದರು. ವೈದ್ಯಕೀಯದಲ್ಲಿ ಬ್ರಾಕಿಡ್ಯಾಕ್ಟಿಲಿ ಎಂದು ಕರೆಯುವ ಈ ಗಿಡ್ಡ ಬೆರಳು ಅಲ್ಲಿ ಮೆಂಡಲನ ಪ್ರಬಲ ಗುಣದಂತೆಯೇ ಇಳಿದು ಬಂದಿತ್ತು. ಫ್ಯಾರಬಿಯವರ ಬರಹ 1905ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ಪ್ರಬಲ ಗುಣವೊಂದನ್ನು ಮೆಂಡಲ್ ನಿಯಮದಿಂದ ವಿವರಿಸಿದ ಮೊದಲ ಉದಾಹರಣೆ ಅದೇ. ನಿಮ್ಮ ಮನೆಯ ಬೆರಳುಗಳಿಗೂ ತಳಿವಿಜ್ಞಾನದ ಚರಿತ್ರೆಗೂ ಇರುವ ನಂಟು ಇಷ್ಟು ಹಳೆಯದು.

1908ರ ಆ ಸಭೆಯಲ್ಲಿ ಕೇಂಬ್ರಿಜ್‌ನ ರೆಜಿನಾಲ್ಡ್ ಪನೆಟ್ ರೋಗಗಳು ಮತ್ತು ಮೆಂಡಲ್ ತತ್ವದ ಬಗ್ಗೆ ಉಪನ್ಯಾಸ ಕೊಟ್ಟರು. ಚರ್ಚೆಯ ಹೊತ್ತಿಗೆ ಯೂಲ್ ಎದ್ದು, ತಡೆಯುವ ಬೇರೆ ಕಾರಣವಿಲ್ಲದಿದ್ದರೆ ಕಾಲಕ್ರಮದಲ್ಲಿ ಗಿಡ್ಡ ಬೆರಳಿನವರು ಮೂವರಿಗೆ ಸಾಮಾನ್ಯ ಬೆರಳಿನವರು ಒಬ್ಬರಂತೆ ಇರಬೇಕಾಗುತ್ತದೆ ಎಂದರು. ಹಾಗೆ ಆಗಿಲ್ಲ ಎಂಬುದು ಎಲ್ಲರ ಕಣ್ಣೆದುರಿಗಿತ್ತು. ಈ ಮಾತಿನಲ್ಲಿ ಎಲ್ಲೋ ತಪ್ಪಿದೆ ಎಂದು ಪನೆಟ್ ಅವರಿಗೆ ಅನಿಸಿತು. ಎಲ್ಲಿ ಎಂದು ತೋರಿಸಲು ಆಗಲಿಲ್ಲ. ಕೇಂಬ್ರಿಜ್‌ಗೆ ಮರಳಿ, ತಮ್ಮ ಜೊತೆ ಕ್ರಿಕೆಟ್ ಆಡುತ್ತಿದ್ದ ಗಣಿತಜ್ಞ ಗೆಳೆಯನ ಮುಂದೆ ಸಮಸ್ಯೆಯನ್ನಿಟ್ಟರು. ಆ ಗೆಳೆಯ ಜಿ. ಎಚ್. ಹಾರ್ಡಿ. ಐದು ವರ್ಷಗಳ ಬಳಿಕ, 1913ರಲ್ಲಿ, ಮದರಾಸಿನಿಂದ ಶ್ರೀನಿವಾಸ ರಾಮಾನುಜನ್ ಬರೆದ ಪತ್ರವನ್ನು ಓದಿ ಅದರ ಬೆಲೆ ಗುರುತಿಸಿದ ಹಾರ್ಡಿ ಇವರೇ.

ಯೂಲ್ ಎಡವಿದ್ದು ಎಲ್ಲಿ ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ನಿಮ್ಮ ಮಗಳೂ ಅಲ್ಲಿಯೇ ಎಡವಿದ್ದಾಳೆ. ಮೆಂಡಲ್ ಶುದ್ಧ ಎತ್ತರದ ಗಿಡವನ್ನು ಶುದ್ಧ ಗಿಡ್ಡ ಗಿಡದ ಜೊತೆ ಕೂಡಿಸಿದರು. ಹುಟ್ಟಿದ ಪ್ರತಿ ಗಿಡಕ್ಕೂ ಒಂದು ಎತ್ತರದ ಪ್ರತಿ, ಒಂದು ಗಿಡ್ಡದ ಪ್ರತಿ. ಅಂದರೆ ಆ ತೋಟದಲ್ಲಿ ಎರಡೂ ಬಗೆಯ ಪ್ರತಿಗಳು ಸರಿಸಮ, ಅರ್ಧಕ್ಕರ್ಧ. ಹಾಗೆ ಸರಿಸಮ ಮಾಡಿಟ್ಟದ್ದು ಪ್ರಯೋಗ ಮಾಡಿದವರ ಕೈ, ಪ್ರಕೃತಿಯಲ್ಲ. ಅರ್ಧಕ್ಕರ್ಧ ಇದ್ದಾಗ ಮಾತ್ರ ಮುಂದಿನ ಪೀಳಿಗೆಯಲ್ಲಿ ಮೂರಕ್ಕೆ ಒಂದು ಎಂಬ ಅನುಪಾತ ಬರುತ್ತದೆ. ಹಾಸನ ಜಿಲ್ಲೆಯ ಜನರಲ್ಲಿ ಗಿಡ್ಡ ಬೆರಳಿನ ಪ್ರತಿ ಅರ್ಧದಷ್ಟಿದೆಯೇ? ಸಾವಿರಾರು ಪ್ರತಿಗಳಲ್ಲಿ ಒಂದಿದ್ದರೆ ಹೆಚ್ಚು. ತೋಟದ ಅನುಪಾತವನ್ನು ಊರಿಗೆ ಅನ್ವಯಿಸಿದ್ದೇ ತಪ್ಪು.

ಯೂಲ್ ಅವರನ್ನು ಹಗುರವಾಗಿ ಕಾಣಬಾರದು. ಮೆಂಡಲ್ ನಿಯಮವನ್ನು ಇಡೀ ಸಮುದಾಯಕ್ಕೆ ಹಚ್ಚಿ ಯೋಚಿಸಿದ ಮೊದಲಿಗರಲ್ಲಿ ಅವರೊಬ್ಬರು. ಅರ್ಧಕ್ಕರ್ಧದ ಸಂದರ್ಭದಲ್ಲಿ ಅನುಪಾತ ಸ್ಥಿರವಾಗಿ ನಿಲ್ಲುತ್ತದೆ ಎಂದು ಅವರು 1902ರಲ್ಲೇ ತೋರಿಸಿದ್ದರು. 1904ರಲ್ಲಿ ಕಾರ್ಲ್ ಪಿಯರ್ಸನ್ ಅದನ್ನೇ ಇನ್ನಷ್ಟು ವಿಸ್ತರಿಸಿದರು, ಆದರೆ ಅರ್ಧ ಎಂಬ ಸಂಖ್ಯೆಯನ್ನು ಬಿಟ್ಟು ಅವರೂ ಆಚೆ ಬರಲಿಲ್ಲ. ಫ್ಯಾರಬಿಯವರ ಗುರು, ಹಾರ್ವರ್ಡ್‌ನ ವಿಲಿಯಂ ಕ್ಯಾಸಲ್, ಬೇರೊಂದು ದಾರಿಯಿಂದ ಹೆಚ್ಚು ಹತ್ತಿರಕ್ಕೆ ಬಂದಿದ್ದರು. ಒಂದು ಗುಣದ ಗಿಡ ಅಥವಾ ಪ್ರಾಣಿಗಳನ್ನು ತಲೆಮಾರು ತಲೆಮಾರಾಗಿ ತೆಗೆದುಹಾಕುತ್ತ ಹೋಗಿ ಎಲ್ಲಿಯೇ ನಿಲ್ಲಿಸಿದರೂ, ಅನುಪಾತ ಅಲ್ಲಿಯೇ ಸ್ಥಿರವಾಗುತ್ತದೆ ಎಂದು 1903ರಲ್ಲಿ ಬರೆದರು. ಈ ನಿಯಮಕ್ಕೆ ಕ್ಯಾಸಲ್ ಹೆಸರನ್ನೂ ಸೇರಿಸಬೇಕು ಎಂಬ ವಾದ ಇಂದಿಗೂ ಇದೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಆ ವರ್ಷಗಳಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಎರಡು ಪಾಳೆಯಗಳಾಗಿದ್ದರು. ಅಳತೆ, ಸರಾಸರಿಗಳನ್ನು ನಂಬಿದ ಪಿಯರ್ಸನ್ ಬಳಗ ಒಂದೆಡೆ, ಮೆಂಡಲನ ಪರ ನಿಂತ ಬೇಟ್ಸನ್, ಪನೆಟ್ ಮತ್ತೊಂದೆಡೆ. ಲೆಕ್ಕ ಬಲ್ಲವರಿಗೆ ಮೆಂಡಲ್ ಬೇಡವಾಗಿದ್ದರು, ಮೆಂಡಲ್ ಬೇಕಾದವರಿಗೆ ಲೆಕ್ಕ ಒಗ್ಗುತ್ತಿರಲಿಲ್ಲ. ಶಾಲೆಯ ಬೀಜಗಣಿತದಲ್ಲಿ ಮುಗಿಯುವ ವಿಷಯ ಎಂಟು ವರ್ಷ ಕಾದು ನಿಂತದ್ದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಈ ಜಗಳ.

ಹಾರ್ಡಿಯ ಉತ್ತರ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ 1908ರ ಜುಲೈ 10ರಂದು ಒಂದು ಚಿಕ್ಕ ಪತ್ರವಾಗಿ ಅಚ್ಚಾಯಿತು. ತಮಗೆ ಪರಿಣತಿ ಇಲ್ಲದ ಚರ್ಚೆಯಲ್ಲಿ ತಲೆಹಾಕಲು ಸಂಕೋಚವಾಗುತ್ತಿದೆ ಎಂದೇ ಅವರು ಶುರು ಮಾಡುತ್ತಾರೆ. ಲೆಕ್ಕ ಇಷ್ಟೇ. ಒಂದು ಸಮುದಾಯದಲ್ಲಿ ಒಂದು ಬಗೆಯ ಪ್ರತಿಗಳ ಪಾಲು ಪಿ, ಇನ್ನೊಂದರ ಪಾಲು ಕ್ಯೂ ಇರಲಿ. ಎರಡೂ ಸೇರಿದರೆ ಒಂದು. ಈ ಗುಣವನ್ನು ನೋಡದೆ ಮದುವೆಗಳು ನಡೆದರೆ, ಮಕ್ಕಳಲ್ಲಿ ಎರಡೂ ಮೊದಲ ಬಗೆಯ ಪ್ರತಿ ಇರುವವರ ಪಾಲು ಪಿ ವರ್ಗ, ಎರಡೂ ಎರಡನೆಯ ಬಗೆ ಇರುವವರ ಪಾಲು ಕ್ಯೂ ವರ್ಗ, ಒಂದೊಂದು ಇರುವವರ ಪಾಲು ಪಿ-ಕ್ಯೂ ಗುಣಲಬ್ಧದ ಎರಡರಷ್ಟು. ಈಗ ಈ ಮಕ್ಕಳಲ್ಲಿರುವ ಮೊದಲ ಬಗೆಯ ಪ್ರತಿಗಳನ್ನು ಮತ್ತೆ ಎಣಿಸಿ. ಪಿ ವರ್ಗದ ಜೊತೆ ಪಿ-ಕ್ಯೂ ಗುಣಲಬ್ಧವನ್ನು ಕೂಡಿದರೆ ಪುನಃ ಪಿ ಮಾತ್ರ ಉಳಿಯುತ್ತದೆ. ಮೊಮ್ಮಕ್ಕಳಲ್ಲೂ ಅಷ್ಟೇ, ಮರಿಮಕ್ಕಳಲ್ಲೂ ಅಷ್ಟೇ. ಯಾವುದು ಪ್ರಬಲ, ಯಾವುದು ಸುಪ್ತ ಎಂಬ ಮಾಹಿತಿ ಈ ಲೆಕ್ಕದಲ್ಲಿ ಎಲ್ಲಿಯೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಒಬ್ಬ ವ್ಯಕ್ತಿಯ ದೇಹದಲ್ಲಿ ಎರಡು ಬೇರೆ ಪ್ರತಿಗಳಿದ್ದಾಗ ಯಾವುದು ಕಣ್ಣಿಗೆ ಕಾಣುತ್ತದೆ ಎಂಬುದನ್ನಷ್ಟೇ ಪ್ರಾಬಲ್ಯ ನಿರ್ಧರಿಸುತ್ತದೆ. ಮುಂದಿನ ಪೀಳಿಗೆಗೆ ದಾಟುವ ವಿಷಯದಲ್ಲಿ ಎರಡಕ್ಕೂ ಸಮಾನ ಅವಕಾಶ.

ಹಾರ್ಡಿ ಗಿಡ್ಡ ಬೆರಳನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಎರಡೂ ಪ್ರತಿ ಗಿಡ್ಡ ಬೆರಳಿನದಾಗಿರುವ ಒಬ್ಬರಿಗೆ, ಎರಡೂ ಪ್ರತಿ ಸಾಮಾನ್ಯವಾಗಿರುವ 10,000 ಜನರಂತೆ ಇದ್ದಾರೆ ಎಂದುಕೊಳ್ಳೋಣ. ಮುಂದಿನ ತಲೆಮಾರಿನಲ್ಲಿ ಗಿಡ್ಡ ಬೆರಳಿನವರು ಸುಮಾರು 10,000ಕ್ಕೆ ಇಬ್ಬರಾಗುತ್ತಾರೆ. ಹೆಚ್ಚಿತಲ್ಲ ಎಂದು ಗಾಬರಿಯಾಗಬೇಡಿ. ಒಬ್ಬರಲ್ಲೇ ಜೊತೆಗಿದ್ದ ಎರಡು ಪ್ರತಿಗಳು ಬೇರೆಯಾಗಿ ಇಬ್ಬರು ಮಕ್ಕಳಿಗೆ ಹಂಚಿಹೋದವು, ಅಷ್ಟೇ. ಪ್ರತಿಗಳ ಸಂಖ್ಯೆ ಹೆಚ್ಚಲಿಲ್ಲ. ಆಮೇಲೆ ಎಷ್ಟು ತಲೆಮಾರು ಕಳೆದರೂ ಆ ಅನುಪಾತ ಮೇಲೇರಲು ಕಾರಣವಿಲ್ಲ. ಪ್ರಬಲ ಗುಣ ಇಡೀ ಸಮುದಾಯಕ್ಕೆ ಹರಡುತ್ತದೆ, ಸುಪ್ತ ಗುಣ ಅಳಿದುಹೋಗುತ್ತದೆ ಎಂಬ ಭಾವನೆಗೆ ಎಳ್ಳಷ್ಟೂ ಆಧಾರವಿಲ್ಲ ಎಂದು ಹಾರ್ಡಿ ನೇರವಾಗಿ ಬರೆದರು.

ಇನ್ನು ಎರಡನೆಯ ಹೆಸರು. ವಿಲ್‌ಹೆಲ್ಮ್ ವೈನ್‌ಬರ್ಗ್ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹೆರಿಗೆ ಮಾಡಿಸುತ್ತಿದ್ದ ವೈದ್ಯರು. ವೃತ್ತಿಜೀವನದಲ್ಲಿ 3,500ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ವಿಶ್ವವಿದ್ಯಾಲಯದ ಹುದ್ದೆ ಅವರಿಗಿರಲಿಲ್ಲ. ಅವಳಿ ಮಕ್ಕಳು ಹುಟ್ಟುವ ಪ್ರವೃತ್ತಿ ವಂಶಪಾರಂಪರ್ಯವೇ ಎಂದು ತಿಳಿಯಲು ಹೊರಟ ಅವರಿಗೆ, ತಾಯಿ, ಮಗಳು, ಸೋದರಿಯರಲ್ಲಿ ಅದು ಎಷ್ಟು ಕಾಣಬೇಕು ಎಂಬ ಲೆಕ್ಕ ಬೇಕಾಯಿತು. ಆ ದಾರಿಯಲ್ಲಿ ಇದೇ ನಿಯಮವನ್ನು ಕಂಡುಕೊಂಡು, 1908ರ ಜನವರಿ 13ರಂದು, ಲಂಡನ್ನಿನ ಸಭೆಗೂ ಮೊದಲೇ, ತಮ್ಮ ಊರಿನ ವಿಜ್ಞಾನ ಸಂಘದಲ್ಲಿ ಮಂಡಿಸಿದರು. ಅದು ಪ್ರಕಟವಾದದ್ದು ಆ ಸಂಘದ ಜರ್ಮನ್ ವಾರ್ಷಿಕ ಸಂಚಿಕೆಯಲ್ಲಿ. ಇಂಗ್ಲಿಷ್ ಬಲ್ಲ ಜಗತ್ತು ಅದನ್ನು ಓದಲಿಲ್ಲ, ‘ಹಾರ್ಡಿ ನಿಯಮ’ ಎಂದೇ ಕರೆಯುತ್ತ ಬಂದಿತು. ವೈನ್‌ಬರ್ಗ್ 1937ರಲ್ಲಿ ತೀರಿಕೊಂಡರು. ಜರ್ಮನಿಯನ್ನು ತೊರೆದು ಅಮೆರಿಕದಲ್ಲಿ ನೆಲೆಸಿದ್ದ ಕರ್ಟ್ ಸ್ಟರ್ನ್ 1943ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಮೇಲಷ್ಟೇ ಅವರ ಹೆಸರು ನಿಯಮಕ್ಕೆ ಸೇರಿತು.

ನನಗೆ ಇಬ್ಬರಲ್ಲಿ ಹೆಚ್ಚು ಗೌರವ ವೈನ್‌ಬರ್ಗ್ ಮೇಲೆ. ಹಾರ್ಡಿ ಒಂದು ಪತ್ರ ಬರೆದು ತಮ್ಮ ಗಣಿತಕ್ಕೆ ಮರಳಿದರು. ವೈನ್‌ಬರ್ಗ್ ರೋಗಿಗಳ ನಡುವೆಯೇ ಇದ್ದು, ಈ ಲೆಕ್ಕವನ್ನು ಕುಟುಂಬಗಳಿಗೆ ಅನ್ವಯಿಸುವಾಗ ಆಗುವ ಒಂದು ದೊಡ್ಡ ತಪ್ಪನ್ನೂ ಗುರುತಿಸಿದರು. ವೈದ್ಯರ ಬಳಿ ಬರುವುದು ತೊಂದರೆ ಕಾಣಿಸಿಕೊಂಡ ಮನೆಗಳು ಮಾತ್ರ. ಅದೇ ವಂಶವಾಹಿ ಇದ್ದೂ ಎಲ್ಲ ಮಕ್ಕಳೂ ಅದೃಷ್ಟವಶಾತ್ ಪಾರಾದ ಮನೆಗಳು ಲೆಕ್ಕಕ್ಕೇ ಬರುವುದಿಲ್ಲ. ಬಂದವರನ್ನಷ್ಟೇ ಎಣಿಸಿದರೆ ಗುಣ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇದನ್ನು ಸರಿಪಡಿಸುವ ವಿಧಾನವನ್ನು ಅವರು ಕಟ್ಟಿಕೊಟ್ಟರು, ನಾವು ಇಂದಿಗೂ ಅದರ ಋಣದಲ್ಲಿದ್ದೇವೆ. ‘ವಂಶಕ್ಕೇ ಅಂಟಿಕೊಳ್ಳುತ್ತದೆ’ ಎಂದ ನಿಮ್ಮ ಸಂಬಂಧಿಕರು ಮಾಡುತ್ತಿರುವುದು ಇದೇ ತಪ್ಪನ್ನು. ಅವರ ಕಣ್ಣಿಗೆ ನಿಮ್ಮ ಯಜಮಾನರ, ಮಗನ ಬೆರಳು ಬೀಳುತ್ತದೆ, ಮಗಳ ಬೆರಳು ಬೀಳುವುದಿಲ್ಲ.

ಪ್ರಬಲ ಗುಣ ತಾನಾಗಿ ಹರಡುವುದಿಲ್ಲ ಎನ್ನುವುದಕ್ಕೆ ನಮ್ಮ ಮಲೆನಾಡಿನಲ್ಲೇ ಒಂದು ನೋವಿನ ಸಾಕ್ಷಿಯಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತ ಕೀಲು-ಮೂಳೆಗಳ ಕಾಯಿಲೆ 1970ರ ದಶಕದಿಂದ ವೈದ್ಯರ ಗಮನದಲ್ಲಿದೆ. ಅದು ನಿಮ್ಮ ಮನೆಯ ಗಿಡ್ಡ ಬೆರಳಿನಂತೆ ನಿರುಪದ್ರವಿಯಲ್ಲ, ಜನರನ್ನು ಕುಂಟಿಸುತ್ತದೆ. ಅಧ್ಯಯನ ಮಾಡಿದ ತಜ್ಞರು ಅದನ್ನು ಪ್ರಬಲ ಗುಣವಾಗಿ ಇಳಿಯುವ ಕಾಯಿಲೆ ಎಂದು ಗುರುತಿಸಿದರು. ಇಷ್ಟು ದಶಕಗಳಾದರೂ ಅದು ಕೆಲವು ಊರುಗಳ ಕೆಲವು ಕುಟುಂಬಗಳಲ್ಲೇ ಇದೆ, ಇಡೀ ಮಲೆನಾಡಿಗೆ ವ್ಯಾಪಿಸಿಲ್ಲ.

ಹಾಗೆಂದು ಹಾರ್ಡಿ–ವೈನ್‌ಬರ್ಗ್ ನಿಯಮ ಎಲ್ಲ ಕಡೆಯೂ ಅಕ್ಷರಶಃ ನಡೆಯುತ್ತದೆ ಎಂದಲ್ಲ. ಸಮುದಾಯ ದೊಡ್ಡದಿರಬೇಕು, ಹೊರಗಿನಿಂದ ಜನ ಬಂದು ಸೇರಬಾರದು, ಹೊಸ ರೂಪಾಂತರಗಳು ಹುಟ್ಟಬಾರದು, ಆ ಗುಣದಿಂದ ಬದುಕಿಗೆ ಲಾಭ ಅಥವಾ ನಷ್ಟ ಇರಬಾರದು, ಮದುವೆಗಳು ರಕ್ತಸಂಬಂಧ ನೋಡದೆ ನಡೆಯಬೇಕು. ಇವು ಪೂರ್ತಿಯಾಗಿ ಎಲ್ಲಿಯೂ ಇರುವುದಿಲ್ಲ. ನಿಯಮದ ನಿಜವಾದ ಉಪಯೋಗ ಇಲ್ಲಿಯೇ ಇದೆ. ಲೆಕ್ಕ ಹೇಳುವ ಅನುಪಾತಕ್ಕೂ ಜನರಲ್ಲಿ ಕಾಣುವ ಅನುಪಾತಕ್ಕೂ ವ್ಯತ್ಯಾಸ ಕಂಡರೆ, ಯಾವ ಷರತ್ತು ಮುರಿದಿದೆ ಎಂದು ಹುಡುಕಬಹುದು. ಫಿಶರ್, ಹಾಲ್ಡೇನ್, ಸಿವಾಲ್ ರೈಟ್ ಎಂಬ ಮೂವರು ವಿಜ್ಞಾನಿಗಳು 1920–30ರ ದಶಕಗಳಲ್ಲಿ ವಿಕಾಸವಾದದ ಗಣಿತವನ್ನು ಕಟ್ಟಿದ್ದು ಈ ತಳಪಾಯದ ಮೇಲೆ. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ದಕ್ಷಿಣ ಭಾರತದ ರಕ್ತಸಂಬಂಧದ ಮದುವೆಗಳು ಅವರ ಕುತೂಹಲದ ವಿಷಯಗಳಲ್ಲಿ ಒಂದಾಗಿದ್ದವು. ಕರ್ನಾಟಕದಲ್ಲಿ ಇದು ಸಣ್ಣ ಸಂಗತಿಯಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ಪೋಷಕರನ್ನು ವಿಚಾರಿಸಿದಾಗ ಸುಮಾರು ಮೂರನೇ ಒಂದು ಭಾಗದ ಮದುವೆಗಳು ರಕ್ತಸಂಬಂಧದೊಳಗೇ ನಡೆದಿದ್ದವು.

ನಿಮ್ಮ ತಾಯಿಯವರ ಸಲಹೆಗೆ ಬರೋಣ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಮೊಮ್ಮಗಳನ್ನು ಯಾರೂ ಹಂಗಿಸಬಾರದು ಎಂಬುದು ಅವರ ಆಸೆ. ಆದರೆ ಗಿಡ್ಡ ಬೆರಳು ನಿಮ್ಮ ಯಜಮಾನರ ಕಡೆಯದು, ಮಗಳಲ್ಲಿ ಕಾಣಿಸಿಯೂ ಇಲ್ಲ. ತಮ್ಮನಿಗೆ ಕೊಡುವುದರಿಂದ ಆ ವಿಷಯದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಪಾಯ ಬರುವುದು ಸುಪ್ತ ಕಾಯಿಲೆಗಳಿಂದ, ಅಂದರೆ ಎರಡೂ ಪ್ರತಿ ಕೆಟ್ಟಿದ್ದಾಗ ಮಾತ್ರ ಕಾಣಿಸುವ ಕಾಯಿಲೆಗಳಿಂದ. ಅಂಥ ಕೆಲವು ಕೆಟ್ಟ ಪ್ರತಿಗಳು ನಮ್ಮೆಲ್ಲರಲ್ಲೂ ತಿಳಿಯದಂತೆ ಇರುತ್ತವೆ. ಸೋದರಮಾವನ ತಂದೆ-ತಾಯಿಯೇ ಅಕ್ಕನ ಮಗಳಿಗೆ ಅಜ್ಜ-ಅಜ್ಜಿ, ಹಾಗಾಗಿ ಇಬ್ಬರಿಗೂ ಅವರಿಂದ ಒಂದೇ ಪ್ರತಿ ಬಂದಿರುವ ಸಂಭವ ಹೆಚ್ಚು.

ಎಷ್ಟು ಹೆಚ್ಚು ಎಂಬುದನ್ನೂ ಇದೇ ನಿಯಮದಿಂದ ಲೆಕ್ಕ ಹಾಕಬಹುದು. ಒಂದು ಸುಪ್ತ ಕಾಯಿಲೆ 10,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ ಎಂದುಕೊಳ್ಳಿ. ಆಗ ಕೆಟ್ಟ ಪ್ರತಿಯ ಪಾಲು ನೂರರಲ್ಲಿ ಒಂದು, ಅದನ್ನು ತಿಳಿಯದೆ ಹೊತ್ತವರು ಸುಮಾರು ಐವತ್ತರಲ್ಲಿ ಒಬ್ಬರು. ಸಂಬಂಧವಿಲ್ಲದ ದಂಪತಿಯ ಮಗುವಿಗೆ ಅಪಾಯ 10,000ದಲ್ಲಿ ಒಂದು. ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ಸುಮಾರು 1,400ರಲ್ಲಿ ಒಂದು. ಸೋದರಮಾವನನ್ನೇ ಮದುವೆಯಾದರೆ ಸುಮಾರು 750ರಲ್ಲಿ ಒಂದು, ಹದಿಮೂರು ಪಟ್ಟು ಹೆಚ್ಚು. ಒಂದು ಕಾಯಿಲೆಯ ಮಟ್ಟಿಗೆ ಇದು ಸಣ್ಣ ಅಂಕಿಯೇ. ಆದರೆ ಇಂಥ ಕಾಯಿಲೆಗಳು ಸಾವಿರಾರು. ಎಲ್ಲ ಸೇರಿದಾಗ ಅಪಾಯ ಕಡೆಗಣಿಸುವಷ್ಟು ಚಿಕ್ಕದಾಗಿ ಉಳಿಯುವುದಿಲ್ಲ. ಹಿಂದೂ ವಿವಾಹ ಕಾಯ್ದೆ ರೂಢಿಯಿರುವ ಸಮುದಾಯಗಳಲ್ಲಿ ಇಂಥ ಮದುವೆಯನ್ನು ಒಪ್ಪುತ್ತದೆ, ಇಂಥ ದಂಪತಿಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೂ ಇರುತ್ತಾರೆ. ಆದರೂ ಬೆರಳಿನ ಭಯದಿಂದ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಇಲ್ಲದ ತೊಂದರೆಗೆ ಹೆದರಿ ಇರಬಹುದಾದ ತೊಂದರೆಯನ್ನು ಆರಿಸಿಕೊಂಡಂತಾಗುತ್ತದೆ. ಮಗಳಿಗೆ ಏನು ಬೇಕು ಎಂದು ಅವಳನ್ನೇ ಕೇಳಿ.

ಇನ್ನು ಮಾಡಬೇಕಾದದ್ದು. ಗಿಡ್ಡ ಬೆರಳಿನಲ್ಲಿ ಹಲವು ಬಗೆಗಳಿವೆ. ನಡುವಿನ ಮೂಳೆ ಚಿಕ್ಕದಾಗುವ, ಫ್ಯಾರಬಿ ಕಂಡ ಬಗೆಗೆ ಐಎಚ್‌ಎಚ್ ಎಂಬ ಜೀನ್‌ನ ದೋಷ ಕಾರಣವಾಗಬಹುದು ಎಂದು 2001ರಲ್ಲಿ ಗೊತ್ತಾಯಿತು. ಅದರಲ್ಲಿ ಬೆರಳು ಗಿಡ್ಡವಾಗುವುದು, ಎತ್ತರ ತುಸು ಕಡಿಮೆಯಾಗುವುದು ಬಿಟ್ಟರೆ ಆಯುಷ್ಯಕ್ಕಾಗಲಿ ಬುದ್ಧಿಗಾಗಲಿ ತೊಂದರೆಯಿಲ್ಲ. ಆದರೆ ಬೇರೆ ಕೆಲವು ಬಗೆಗಳ ಜೊತೆ ಅಧಿಕ ರಕ್ತದೊತ್ತಡ ಅಥವಾ ಕ್ಯಾಲ್ಸಿಯಂ ಏರುಪೇರು ಇರಬಹುದು. ಅದಕ್ಕಾಗಿ ಯಜಮಾನರ, ಮಗನ ಮತ್ತು ಮಗಳ ಕೈಗಳ ಎಕ್ಸ್‌ರೇ ತೆಗೆಸಿ. ಯಜಮಾನರಿಗೂ ಮಗನಿಗೂ ರಕ್ತದೊತ್ತಡ, ಕ್ಯಾಲ್ಸಿಯಂ ನೋಡಿಸಿ. ಇಷ್ಟು ಜಿಲ್ಲಾಸ್ಪತ್ರೆಯಲ್ಲೇ ಆಗುತ್ತದೆ, ಖರ್ಚೂ ಕಡಿಮೆ. ಮಗಳ ಎಕ್ಸ್‌ರೇ ಸಾಮಾನ್ಯವಾಗಿದ್ದು, ಮನೆಯವರದ್ದು ಈ ಮೊದಲ ಬಗೆಯೇ ಆಗಿದ್ದರೆ, ಅವಳ ಮಟ್ಟಿಗೆ ವಿಷಯ ಮುಗಿಯಿತು.

ಜೀನ್ ಪರೀಕ್ಷೆ ಬೇಕೆನಿಸಿದರೆ ಮೊದಲು ಯಜಮಾನರಿಗೆ ಮಾಡಿಸಬೇಕು, ಮಗಳಿಗಲ್ಲ. ಅವರಲ್ಲಿ ದೋಷ ಯಾವುದೆಂದು ತಿಳಿದ ಮೇಲೆ ಮಗಳಲ್ಲಿ ಅದೊಂದನ್ನೇ ಹುಡುಕಬಹುದು. ಮಗಳಿಗೆ ನೇರವಾಗಿ ದೊಡ್ಡ ಪರೀಕ್ಷೆ ಮಾಡಿಸಿದರೆ, ಅರ್ಥ ಸ್ಪಷ್ಟವಿಲ್ಲದ ಯಾವುದೋ ವ್ಯತ್ಯಾಸ ವರದಿಯಲ್ಲಿ ಬಂದು ಹೊಸ ಆತಂಕ ಹುಟ್ಟಿಸುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇಂಥ ವರದಿಗಳು ಮದುವೆಯ ಮಾತುಕತೆಯಲ್ಲಿ ಕೈಬದಲಾದರೆ ಆಗುವ ಹಾನಿಯನ್ನೂ ಕಂಡಿದ್ದೇನೆ. ಪರೀಕ್ಷೆ ಮಾಡಿಸದೆ ಸುಮ್ಮನಿರುವುದೂ ಇಲ್ಲಿ ಒಂದು ಸರಿಯಾದ ಆಯ್ಕೆ.

ಮಗನ ವಿಷಯ ಸ್ವಲ್ಪ ಬೇರೆ. ಅವನ ಪ್ರತಿ ಮಗುವಿಗೂ ಇದು ದಾಟುವ ಸಂಭವ ಅರ್ಧಕ್ಕರ್ಧ. ಒಬ್ಬರಿಗೆ ಬಂದಿತು, ಇನ್ನೊಬ್ಬರಿಗೆ ಬರುವುದಿಲ್ಲ ಎಂಬ ಸರದಿ ಇರುವುದಿಲ್ಲ, ಪ್ರತಿ ಮಗುವಿಗೂ ಲೆಕ್ಕ ಹೊಸದು. ಗರ್ಭದಲ್ಲೇ ಪರೀಕ್ಷಿಸಲು ಸಾಧ್ಯವಿದ್ದರೂ ಆ ಪರೀಕ್ಷೆಗೆ ಗರ್ಭಪಾತದ ಅಲ್ಪ ಅಪಾಯವಿದೆ. ಬೆರಳಿನ ಉದ್ದಕ್ಕಾಗಿ ಆ ಅಪಾಯ ತೆಗೆದುಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ತಂದೆಯ ಕಡೆಯ ಬಂಧುಗಳಲ್ಲಿ ಗಿಡ್ಡ ಬೆರಳಿರುವ ಹುಡುಗಿಯ ಜೊತೆಯೇ ಅವನ ಮದುವೆಯ ಮಾತು ಬಂದರೆ, ಮುಂದುವರಿಯುವ ಮೊದಲು ತಳಿ ಸಲಹೆ, ಅಂದರೆ ವಂಶಪಾರಂಪರ್ಯದ ತೊಂದರೆಗಳ ಬಗ್ಗೆ ತಜ್ಞರ ಸಲಹೆ, ಪಡೆಯಿರಿ. ಎರಡೂ ಕಡೆಯಿಂದ ಆ ಪ್ರತಿ ಬಂದು ಸೇರಿದ ಮಗುವಿನಲ್ಲಿ ಮೂಳೆಗಳ ದೋಷ ತೀವ್ರವಾಗಿರಬಹುದು.

ತಳಿ ಸಲಹೆಗೆ ಹೋಗುವ ದಿನ ಎಕ್ಸ್‌ರೇಗಳ ಜೊತೆ ಯಜಮಾನರ ತಾಯಿ, ಅವರ ಒಡಹುಟ್ಟಿದವರು, ಅವರೆಲ್ಲರ ಮಕ್ಕಳ ಪಟ್ಟಿಯನ್ನೂ ಬರೆದುಕೊಂಡು ಹೋಗಿ. ಬೆರಳು ಗಿಡ್ಡ ಇರುವವರನ್ನು ಬರೆದಷ್ಟೇ ಶ್ರದ್ಧೆಯಿಂದ ಸಾಮಾನ್ಯ ಬೆರಳಿನವರನ್ನೂ ಬರೆಯಿರಿ. ಪಟ್ಟಿಯನ್ನು ಮಗಳ ಕೈಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು.